ಆ ಹೆತ್ತೋಳು ಏನಾದ್ಲು?

ಅಡಿಕೆ ಸುಲಿಯುವ ಕಾಲ ಬಂದರೆ ತೀರ್ಥಹಳ್ಳಿ ಹತ್ತಿರದ ನಮ್ಮ ಅತ್ತೆ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರುವುದಿಲ್ಲ. ಸಾಲಾಗಿ ಮೆಟ್ಟುಗತ್ತಿ, ಎದುರಿಗೆ ಹಸಿ ಅಡಿಕೆ ರಾಶಿ, ಎಲ್ಲರ ಬೆರಳೂ ಕಪ್ಪು. ನಿದ್ದೆ ತೂಗಬಾರದು ಅಂತ ಯಾರಾದರೂ ಕತೆ ಹೇಳುತ್ತಿರಬೇಕು. ಹೋದ ವರ್ಷ ಆ ಸರದಿ ನನಗೆ ಬಂತು. ನಾನು ಸುಲಿದರೆ ಅಡಿಕೆಗೆ ಗಾಯ, ಇಲ್ಲ ನನ್ನ ಬೆರಳಿಗೆ. ನಿನಗೆ ಬಾಯಿ ಕೆಲಸವೇ ವಾಸಿ ಅಂದರು ಅತ್ತೆ.

ಫಣಿಯಮ್ಮನ ಕತೆ ಹೇಳಿದೆ. ನಮ್ಮ ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ ತಮ್ಮ ಅಮ್ಮನ ಬಾಯಲ್ಲಿ ಕೇಳಿದ್ದನ್ನು ಕಾದಂಬರಿ ಮಾಡಿದ್ದು. ಮದುವೆ ಅಂದರೇನು ಅಂತ ತಿಳಿಯುವ ಮೊದಲೇ ಗಂಡ ಸತ್ತ, ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು, ನೂರು ದಾಟಿ ಬದುಕಿದಳು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಗ ಇದೆ. ದಲಿತರ ಕೇರಿಯ ಒಬ್ಬ ಹುಡುಗಿಗೆ ಹೆರಿಗೆ ಕಷ್ಟವಾದಾಗ ಈ ಮಡಿ ಹೆಂಗಸು ಯಾರಿಗೂ ಹೇಳದೆ ಹೋಗಿ ತನ್ನ ಕೈಯಿಂದಲೇ ಹೆರಿಗೆ ಮಾಡಿಸುತ್ತಾಳೆ. ಅದನ್ನು ಹೇಳುವಾಗ ನನ್ನ ದನಿ ಕೊಂಚ ಮೇಲೇರಿತ್ತು ಅನ್ನಿಸುತ್ತೆ.

ಸುಲಿಯಲು ಬಂದಿದ್ದ ಒಬ್ಬ ಅಕ್ಕ ತಲೆ ಎತ್ತದೆ ಕೇಳಿದರು: "ಆ ಹೆತ್ತೋಳು ಏನಾದ್ಲು ಅಮ್ಮ?"

ನಾನು ಸುಮ್ನಾದೆ. ಆ ಕಾದಂಬರಿಯನ್ನು ನಾಲ್ಕು ಸಲವಾದರೂ ಓದಿದ್ದೇನೆ. ಆ ಹುಡುಗಿಯ ಹೆಸರು ಬಾಯಿಗೆ ಬರಲಿಲ್ಲ.

ನಾಚಿಕೆಯಾಗಿದ್ದು ಯಾಕೆಂದರೆ, ನಾನು ಎಂಎ ಓದುವಾಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇದೇ ಪ್ರಶ್ನೆ. 'ಜೇನ್ ಐರ್' ಇಂಗ್ಲೆಂಡಿನ ಶಾರ್ಲೆಟ್ ಬ್ರಾಂಟಿ ಬರೆದ 1847ರ ಕಾದಂಬರಿ. ಅನಾಥ ಹುಡುಗಿ ತನ್ನ ಕಾಲ ಮೇಲೆ ನಿಂತ ಕತೆ ಅಂತ ಇಂಗ್ಲೆಂಡಿನ, ಅಮೆರಿಕದ ಸ್ತ್ರೀವಾದಿಗಳು ಅದನ್ನು ತಲೆ ಮೇಲೆ ಹೊತ್ತುಕೊಂಡಿದ್ದರು. 1985ರಲ್ಲಿ ವಿಮರ್ಶಕಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅದರ ಬಗ್ಗೆ ಒಂದು ಲೇಖನ ಬರೆದರು. ಜೇನ್ ಮದುವೆಯಾಗುವ ರಾಚೆಸ್ಟರ್ ಅಟ್ಟದಲ್ಲಿ ಕೂಡಿ ಹಾಕಿದ ಅವನ ಮೊದಲ ಹೆಂಡತಿ ಬರ್ತಾ, ಜಮೈಕಾದಿಂದ ತಂದವಳು, ಅವಳ ಗತಿ ಏನು? ಅವಳು ಮನೆಗೆ ಬೆಂಕಿ ಇಟ್ಟು ಸತ್ತರೆ ತಾನೇ ಜೇನ್‌ಗೆ ಮದುವೆ? ಒಬ್ಬ ಹೆಣ್ಣು ನಾಯಕಿ ಆಗುವುದಕ್ಕೆ ವಸಾಹತಿನ ಇನ್ನೊಬ್ಬ ಹೆಣ್ಣು ಕಾಡುಪ್ರಾಣಿಯ ಹಾಗೆ ಉರಿದು ಹೋಗಬೇಕಾಯಿತು ಅನ್ನೋದು ಅವರ ವಾದ. ಹತ್ತು ಅಂಕದ ಪ್ರಶ್ನೆ, ಚೆನ್ನಾಗೇ ಬರೆದಿದ್ದೆ. ಆದರೆ ಅದನ್ನು ತಂದು ಫಣಿಯಮ್ಮನ ಪಕ್ಕ ಇಡಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಪುಣ್ಯಕ್ಕೆ ಇಲ್ಲಿ ಆ ಹುಡುಗಿ ಸಾಯುವುದಿಲ್ಲ. ಆದರೂ ಫಣಿಯಮ್ಮ ಎಷ್ಟು ದೊಡ್ಡವಳು ಅಂತ ನಮಗೆ ತೋರಿಸುವುದಕ್ಕೆ ಅವಳ ನೋವು ಬೇಕಾಯಿತು, ಅಲ್ವಾ?

ಹಾಗಂತ ಇಂದಿರಾ ಅವರನ್ನು ಕಟಕಟೆಯಲ್ಲಿ ನಿಲ್ಲಿಸುವ ಉಮೇದು ನನಗಿಲ್ಲ. ಈ ಥಿಯರಿ ಓದಿದವರಿಗೆ ಆ ಚಾಳಿ ಜಾಸ್ತಿ. ಅವರ ಕಾದಂಬರಿ 1989ರಲ್ಲಿ ತೇಜಸ್ವಿನಿ ನಿರಂಜನ ಅವರಿಂದ ಇಂಗ್ಲಿಷಿಗೂ ಹೋಗಿದೆ. ದೂರದವರು ಯಾರಾದರೂ ಓದಿದರೆ 'ಅಯ್ಯೋ, ಪಾಪದ ಹಿಂದೂ ವಿಧವೆ' ಅಂದುಬಿಡುವ ಅಪಾಯ ಇದ್ದೇ ಇದೆ. ಸ್ತ್ರೀವಾದಿ ಚಿಂತಕಿ ಚಂದ್ರಾ ತಲ್ಪಡೆ ಮೊಹಾಂತಿ 1984ರಲ್ಲೇ ಈ ಬಗ್ಗೆ ಜಗಳ ತೆಗೆದಿದ್ದರು. ಮೂರನೇ ಜಗತ್ತಿನ ಹೆಂಗಸರನ್ನೆಲ್ಲ ಒಂದೇ ಮೂಟೆ ಕಟ್ಟಿ 'ಶೋಷಿತೆ' ಅಂತ ಚೀಟಿ ಅಂಟಿಸಬೇಡಿ ಅಂತ. ಫಣಿಯಮ್ಮ ಆ ಮೂಟೆಯೊಳಗೆ ಹಿಡಿಸುವುದಿಲ್ಲ. ಗಲಾಟೆ ಮಾಡುವುದಿಲ್ಲ, ಮಡಿ ಬಿಡುವುದಿಲ್ಲ, ಆದರೆ ಮನೆಯ ಇನ್ನೊಬ್ಬ ಎಳೆ ವಿಧವೆ ತಲೆ ಬೋಳಿಸಿಕೊಳ್ಳಲ್ಲ ಅಂದಾಗ ಅವಳ ಪರ ನಿಲ್ಲುತ್ತಾಳೆ.

ನಮ್ಮ ಜಿಲ್ಲೆಗೇ ಸೇರಿದ ಒಂದು ಮಾತು ಹೇಳಿಬಿಡುತ್ತೇನೆ. 1829ರಲ್ಲಿ ಸತಿ ನಿಲ್ಲಿಸಿದ ಗವರ್ನರ್ ಜನರಲ್ ಬೆಂಟಿಂಕ್ ಸಾಹೇಬರೇ 1831ರಲ್ಲಿ, ನಮ್ಮ ನಗರ ಸೀಮೆಯ (ಹಿಂದಿನ ಬಿದನೂರಿನ) ರೈತರು ದಂಗೆ ಎದ್ದಿದ್ದನ್ನೇ ನೆಪ ಮಾಡಿ, ಮೈಸೂರಿನ ಆಡಳಿತ ಕಿತ್ತುಕೊಂಡಿದ್ದು. ಕಂದು ಗಂಡಸರಿಂದ ಕಂದು ಹೆಂಗಸರನ್ನು ಬಿಳಿ ಗಂಡಸರು ಕಾಪಾಡುವ ಕತೆ ಅಂತ ಸ್ಪಿವಾಕ್ ಅಂದಿದ್ದು ಇಂಥವರ ಬಗ್ಗೆಯೇ. 1881ರವರೆಗೆ ಇಲ್ಲಿ ಕಮಿಷನರುಗಳ ಆಳ್ವಿಕೆ ನಡೆಯಿತು. ಅಷ್ಟೂ ವರ್ಷ ವಿಧವೆಯರ ತಲೆ ಬೋಳಿಸಲು ಮಲೆನಾಡಿನ ಹಿತ್ತಲುಗಳಿಗೆ ಕ್ಷೌರದವನು ತಪ್ಪದೆ ಬಂದು ಹೋಗುತ್ತಿದ್ದ. ಮನೆ ಗಂಡಸರಿಗೂ ಅದೇನು ದೊಡ್ಡ ವಿಷಯ ಆಗಿರಲಿಲ್ಲ. ಸಾಹೇಬರೂ ಮನೆ ಗಂಡಸರೂ ಫಣಿಯಮ್ಮನನ್ನು ಏನು ಬೇಕು ಅಂತ ಕೇಳಲಿಲ್ಲ. ಕೇಳಿಸಿಕೊಂಡವರು ಇಂದಿರಾ ಅವರ ಅಮ್ಮ. ಆ ಹೆತ್ತ ಹುಡುಗಿಯ ಕಡೆಯಿಂದ ಕೇಳಿ ಬರೆದುಕೊಂಡವರು ಯಾರೂ ಇಲ್ಲ.

ಇದನ್ನೆಲ್ಲ ಅವತ್ತು ರಾತ್ರಿ ಅಲ್ಲಿ ಹೇಳಲಿಲ್ಲ, ಹೇಳಿದ್ದರೆ ಎಲ್ಲರೂ ನಿದ್ದೆ ಹೋಗುತ್ತಿದ್ದರು. ನನ್ನ ಬದಲು ಅತ್ತೆಯೇ ಉತ್ತರ ಕೊಟ್ಟರು: "ಏನಾಗ್ತಾಳೆ, ಬಾಣಂತನ ಮುಗಿಸಿ ಆರಾಮಾಗಿ ಇರ್ತಾಳೆ."

ಆ ಅಕ್ಕ ನಕ್ಕರು. "ಯಾರು ಕೊಟ್ರು ಅಮ್ಮ ಬಾಣಂತನ? ವಾರಕ್ಕೇ ಗದ್ದೆಗೆ ಇಳಿದಿರ್ತಾಳೆ ಬಿಡಿ." ಆಮೇಲೆ ತಮ್ಮ ಅಮ್ಮ ತಮ್ಮನ್ನು ಹೆತ್ತ ಕತೆ ಶುರು ಮಾಡಿದರು. ಅರ್ಧ ಗಂಟೆ ಹೇಳಿರಬಹುದು. ಅತ್ತೆಯ ಮೆಟ್ಟುಗತ್ತಿ ನಡುವೆ ಒಂದೆರಡು ಸಲ ನಿಂತಿತು, ಅವರದು ನಿಲ್ಲಲಿಲ್ಲ, ಅವರಿಗೆ ಡಬ್ಬಿ ಲೆಕ್ಕದ ಕೂಲಿ.

ಆ ಕತೆ ಇಲ್ಲಿ ಬರೆಯುತ್ತಿಲ್ಲ. ಬರೆಯಲಾ ಅಂತ ಅವರನ್ನು ನಾನಿನ್ನೂ ಕೇಳಿಲ್ಲ.