ಸಾಗರದ ಮಳೆಯಲ್ಲಿ ಮೈನಸ್ 40 ಡಿಗ್ರಿ

ಕಳೆದ ಆಷಾಢದಲ್ಲಿ ನಡೆದದ್ದು. ನಮ್ಮ ಸಾಗರ ಪೇಟೆಯಲ್ಲಿ ಹನಿ ಕಡಿಯದ ಮಳೆ. ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ಗುಂಯ್ ಎಂದು ತಿರುಗತೊಡಗಿತು. ಇಂಜಿನ್ ಇನ್ನೂ ತಣ್ಣಗಿದೆ, ಫ್ಯಾನಿಗೇನು ಕೆಲಸ? ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ದೀಪ. ಸೈಲೆನ್ಸರ್ ಹತ್ತಿರ ಹಸಿ ಪೆಟ್ರೋಲ್ ವಾಸನೆ.

ಗ್ಯಾರೇಜಿನ ಹುಡುಗ ಸ್ಕ್ಯಾನರ್ ಹಾಕಿ ನೋಡಿದ. ಕೋಡ್ ಪಿ 0118. "ಸಾರ್, ಕೂಲೆಂಟ್ ಸೆನ್ಸರ್ ಹೋಗಿದೆ" ಎಂದ. ಇಂಜಿನ್ ತಣಿಸುವ ನೀರಿನ ಬಿಸಿ ಅಳೆಯುವ ಪುಟ್ಟ ಸಾಧನ ಅದು. 850 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಮನೆ ಮುಟ್ಟುವಷ್ಟರಲ್ಲಿ ದೀಪ ಮತ್ತೆ ಹತ್ತಿತ್ತು.

ಹಳೆ ಸೆನ್ಸರ್ ಕೇಳಿ ತಂದಿದ್ದೆ. ಅಡುಗೆಮನೆಯಲ್ಲೇ ಮಲ್ಟಿಮೀಟರ್ ಹಿಡಿದು ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಅಳೆದೆ. ತಣ್ಣಗಿದ್ದಾಗ 2,300 ಓಮ್. ಕುದಿಯುವ ನೀರಿನಲ್ಲಿ ಅದ್ದಿದರೆ ಇಳಿಯುತ್ತಾ ಬಂದು 200ರ ಒಳಗೆ ನಿಂತಿತು. ಬಿಸಿಯಾದಷ್ಟೂ ಓಮ್ ಕಡಿಮೆಯಾಗಬೇಕು, ಆಗುತ್ತಿದೆ. ಸೆನ್ಸರ್ ಚೆನ್ನಾಗಿಯೇ ಇದೆ!

ಪಿ 0118 ಅಂದರೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಆ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಕಾಣುತ್ತಿದೆ ಎಂದಷ್ಟೇ. ಇಂಜಿನ್ ಕಂಪ್ಯೂಟರ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಸೆನ್ಸರ್ ಅದನ್ನು ಅರ್ತ್ ಕಡೆಗೆ ಎಳೆಯುತ್ತದೆ. ಎಷ್ಟು ಎಳೆಯಿತು ಅನ್ನುವುದರ ಮೇಲೆ ಬಿಸಿಯ ಲೆಕ್ಕ. ದಾರಿ ಎಲ್ಲೋ ಕಡಿದರೆ ಎಳೆಯುವವರೇ ಇಲ್ಲ, 5 ವೋಲ್ಟ್ ಹಾಗೇ ಉಳಿಯುತ್ತದೆ. ಕಂಪ್ಯೂಟರಿಗೆ ಅದು ವಿಪರೀತ ಚಳಿಯಂತೆ ಕಾಣುತ್ತದೆ. ಸ್ಕ್ಯಾನರ್ ಹಾಕುವ ಜಾಗಕ್ಕೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆ: ಮೈನಸ್ 40! ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬೇಕು, ಅದು ಜಾಸ್ತಿ ಸುರಿದದ್ದು ಅದಕ್ಕೇ. ಆದರೆ ಆ ಅಂಕಿಯನ್ನು ಕಂಪ್ಯೂಟರ್ ಪೂರ್ತಿ ನಂಬುವುದೂ ಇಲ್ಲ. ಇಂಜಿನ್ ಕಾದುಹೋದರೆ ಎಂಬ ಭಯಕ್ಕೆ ಫ್ಯಾನ್ ಓಡಿಸುತ್ತಲೇ ಇರುತ್ತದೆ. ಯಾರೋ ಯೋಚನೆ ಮಾಡಿ ಬರೆದ ಪ್ರೋಗ್ರಾಮು ಅದು, ನನಗೆ ಬಹಳ ಹಿಡಿಸಿತು.

ಸೆನ್ಸರಿನ ಪ್ಲಗ್ ಬಿಚ್ಚಿ ಕೀ ಆನ್ ಮಾಡಿದೆ. ಎರಡೇ ವೈರು. ಒಂದರಿಂದ ಬ್ಯಾಟರಿ ಮೈನಸ್‌ಗೆ ಹಿಡಿದರೆ 4.98 ವೋಲ್ಟ್. ಅದೇ ವೈರಿನಿಂದ ಪಕ್ಕದ ವೈರಿಗೆ ಹಿಡಿದರೆ ಸೊನ್ನೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. 5 ವೋಲ್ಟ್ ಬರುವ ಸಿಗ್ನಲ್ ವೈರ್ ಸರಿ ಇದೆ, ಅರ್ತ್ ವೈರ್ ಕಡಿದಿದೆ. ಖಾತ್ರಿಗೆ ಸಿಗ್ನಲ್ ವೈರನ್ನು ಒಂದು ಕ್ಷಣ ಬ್ಯಾಟರಿ ಮೈನಸ್‌ಗೆ ಮುಟ್ಟಿಸಿದೆ. ಮೊಬೈಲಿನಲ್ಲಿ ಮೈನಸ್ 40 ಹೋಗಿ 140ರ ಹತ್ತಿರ ಬಂತು. ಕಂಪ್ಯೂಟರಿಗೆ ಏನೂ ಆಗಿಲ್ಲ. (ಮೂರು ವೈರಿನ ಸೆನ್ಸರ್‌ಗಳಲ್ಲಿ ಹೀಗೆ ಮಾಡಬೇಡಿ. ಅಲ್ಲಿ ಸಾಮಾನ್ಯವಾಗಿ ಒಂದು ವೈರು ನೇರ ಸಪ್ಲೈ. ಅದನ್ನು ಶಾರ್ಟ್ ಮಾಡಿದರೆ ಬೇರೆ ಸೆನ್ಸರ್‌ಗಳೂ ಒಟ್ಟಿಗೆ ಮಲಗಬಹುದು.)

ಆ ಅರ್ತನ್ನು ಬೇರೆ ಸೆನ್ಸರ್‌ಗಳೂ ಹಂಚಿಕೊಂಡಿವೆ. ಅವುಗಳದ್ದೇನೂ ಕೋಡ್ ಇಲ್ಲ. ಹಾಗಾಗಿ ತುಂಡಾದದ್ದು ವೈರುಗಳು ಕೂಡುವ ಜಾಗದಿಂದ ಈಚೆ, ಈ ಸೆನ್ಸರಿನ ಕಡೆಗೇ ಇರಬೇಕು. ಟೇಪ್ ಬಿಚ್ಚುತ್ತಾ, ವೈರನ್ನು ಬೆರಳಲ್ಲಿ ಮೆಲ್ಲಗೆ ಎಳೆಯುತ್ತಾ ಹೋದೆ. ಬ್ಯಾಟರಿ ಟ್ರೇಯ ಅಂಚಿನಲ್ಲಿ ಅದು ರಬ್ಬರಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ಇಲ್ಲದ ಕಡೆ ಮಾತ್ರ ಹಾಗಾಗುತ್ತದೆ. ಬ್ಲೇಡಿನಿಂದ ಸೀಳಿದೆ. ಹಸಿರು ಪುಡಿ ಉದುರಿತು. ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿನ ಮೇಲಿರುತ್ತದಲ್ಲ, ಅದೇ ಕಿಲುಬು. ಟ್ರೇಯ ಅಂಚು ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದಿತ್ತು. ಮಳೆನೀರು ಅಲ್ಲಿಂದ ಒಳಗಿಳಿದಿತ್ತು.

ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಹೊಳೆಯುವ ತಾಮ್ರ ಸಿಗುವ ತನಕ ಎರಡೂ ಕಡೆ ಕತ್ತರಿಸಿದೆ. ಮೂರು ಇಂಚು ಹೋಯಿತು. ಅಷ್ಟೇ ದಪ್ಪದ ಹೊಸ ವೈರು ಸೇರಿಸಿ ಸೋಲ್ಡರ್ ಮಾಡಿದೆ, ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿದೆ. ಟ್ರೇಗೆ ತಾಗದ ಹಾಗೆ ದೂರ ಕಟ್ಟಿದೆ. ಕೋಡ್ ಅಳಿಸಿದ್ದು ಇದೆಲ್ಲ ಆದ ಮೇಲೆ.

ಮರುದಿನ ಬೆಳಗ್ಗೆ ಮೊಬೈಲಿನಲ್ಲಿ 23 ಡಿಗ್ರಿ. ಫ್ಯಾನ್ ಸುಮ್ಮನಿತ್ತು. ಇಕ್ಕೇರಿ ತನಕ ಹೋಗಿ ಬಂದೆ, 90ರ ಆಸುಪಾಸಿನಲ್ಲಿ ನಿಂತಿತು. ಹಳೆ ಸೆನ್ಸರನ್ನು ಒರೆಸಿ ಕಾರಿನಲ್ಲೇ ಇಟ್ಟುಕೊಂಡಿದ್ದೇನೆ.