ಮಾತು ಬಾರದ ಕೂಸಿನ ಉತ್ತರ

ಇಂದು ಮಧ್ಯಾಹ್ನ ಕುಷ್ಟಗಿ ಸಮೀಪದ ಹಳ್ಳಿಯೊಂದರ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರದ ಬಾಗಿಲಲ್ಲಿ ನಿಂತಿದ್ದೆ.

ಒಳಗೆ ಆರೈಕೆ ಮಾಡುವ ಅಕ್ಕ ಹತ್ತು ತಿಂಗಳ ಮಗುವಿಗೆ ಮೆತ್ತಗೆ ಕಲಸಿದ ಅನ್ನ ಉಣಿಸುತ್ತಿದ್ದರು. "ಇನ್ನೊಂದು ತುತ್ತು ಉಣ್ತೀಯೇನವ್ವಾ?" ಎಂದು ಕೇಳಿ, ಕೈಯನ್ನು ಅಲ್ಲಿಯೇ ತಡೆದು, ಮಗುವಿನ ಮುಖವನ್ನೇ ನೋಡುತ್ತಾ ಕಾದರು. ಕೂಸು ತುಟಿ ಅಲುಗಿಸಿ "ಊಂ" ಎಂದಿತು. "ಬೇಕೇನು ನನ್ನವ್ವಗ?" ಎಂದರು. ತುತ್ತು ಬಾಯಿಗೆ ಹೋದದ್ದು ಆಮೇಲೆ.

ಆ ಕಾಯುವಿಕೆ ಇನ್ನೂ ನನ್ನ ಕಣ್ಣಲ್ಲಿದೆ.

ಬದುಕಿನ ಮೊದಲ ವರ್ಷಗಳಲ್ಲಿ ಮಗುವಿನ ಮೆದುಳಿನಲ್ಲಿ ಪ್ರತಿ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ನರಸಂಪರ್ಕಗಳು ಏರ್ಪಡುತ್ತವೆ ಎಂಬುದು ವಿಜ್ಞಾನಿಗಳ ಅಂದಾಜು. ಅವುಗಳಲ್ಲಿ ಬಳಕೆಯಾದವು ಗಟ್ಟಿಗೊಳ್ಳುತ್ತವೆ, ಬಳಕೆಯಾಗದವು ಕ್ರಮೇಣ ಕಳಚಿಕೊಳ್ಳುತ್ತವೆ. ಮಗುವಿನ ಸದ್ದಿಗೆ, ನೋಟಕ್ಕೆ, ಅಳುವಿಗೆ ಹಿರಿಯರೊಬ್ಬರು ದಿನವೂ ಓಗೊಡುತ್ತಿದ್ದರೆ ಆ ಸಂಪರ್ಕಗಳು ಬಲಗೊಳ್ಳುತ್ತವೆ.

ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಈ ಶಿಶುಪಾಲನಾ ಕೇಂದ್ರಗಳಲ್ಲಿ, ಜಾಬ್ ಕಾರ್ಡ್ ಹೊಂದಿರುವ ಊರಿನ ಹೆಣ್ಣುಮಕ್ಕಳೇ ತರಬೇತಿ ಪಡೆದು ಆರೈಕೆಯ ಹೊಣೆ ಹೊತ್ತಿದ್ದಾರೆ. ಅವರು ಮಕ್ಕಳನ್ನು 'ನೋಡಿಕೊಳ್ಳುತ್ತಾರೆ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಮಾತು ಬಹಳ ಸಣ್ಣದೆಂದು ನನಗೆ ಇಂದು ಅನ್ನಿಸಿತು.

ಅಷ್ಟರಲ್ಲಿ ತಾಯಿ ಕೆರೆಯ ಹೂಳೆತ್ತುವ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ಬಂದರು.

"ಉಂಡಾಳೇನಕ್ಕಾ?"

"ಕೇಳಿ ಕೇಳಿ ಉಂಡಾಳವ್ವಾ."