ಪುಟ ಮೊದಲಿನಂತೆಯೇ ಕಾಣುತ್ತದೆ, ಹಾಗಾದರೆ ತಿದ್ದಿದ್ದೇನು?

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿಸಿ ಹೊರಬರುವಾಗ, ಭಾನುವಾರದ ಡೊಂಬಿವಲಿ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಕುಳಿತಾಗ, ಪರಿಚಯದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ನೀನು ತಿದ್ದುವ ಮೊದಲೂ ಆ ಪುಟ ಹೀಗೆಯೇ ಇತ್ತು, ತಿದ್ದಿದ ಮೇಲೂ ಹೀಗೆಯೇ ಇದೆ. ರಜೆಯ ದಿನವೆಲ್ಲ ಕುಳಿತು ಮಾಡಿದ್ದೇನು?’

ಅವರು ಹೇಳುವ ಪುಟಗಳು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕಮಾಂಡುಗಳ ಕೈಪಿಡಿಗಳು. ಕಮಾಂಡು ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಮ್ಯಾನ್’ ಎಂದು ಬರೆದು ಕಮಾಂಡಿನ ಹೆಸರು ಕೊಟ್ಟರೆ ತೆರೆದುಕೊಳ್ಳುತ್ತವೆ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಕೈಪಿಡಿಯ ಮೊದಲ ಆವೃತ್ತಿ ಬಂದದ್ದು 1971ರ ನವೆಂಬರಿನಲ್ಲಿ. ಬಹುಪಾಲು ಪುಟಗಳು ಇಂದಿಗೂ ಬಳಸುವ ಮ್ಯಾಕ್ರೋಗಳು, ಅಂದರೆ ಪುಟವನ್ನು ರೂಪಿಸುವ ಸಿದ್ಧ ಸೂಚನೆಗಳು, 1979ರ ಏಳನೆಯ ಆವೃತ್ತಿಯೊಂದಿಗೆ ಬಂದವು. ಓದುಗರಿಗೆ ಕಾಣುವುದು ಅಂದವಾದ ಪುಟ. ಅದರ ಹಿಂದಿರುವುದು ‘ರಾಫ್’ ಎಂಬ ಭಾಷೆಯ ಗುರುತುಗಳು ತುಂಬಿದ ಕಡತ. ನಾನು ತಿದ್ದುವುದು ಆ ಗುರುತುಗಳನ್ನು.

ಒಂದು ಅಡ್ಡಗೆರೆಯ ಕಥೆ ಹೇಳುತ್ತೇನೆ. ಠಾಣೆಯಲ್ಲಿರುವ ನಮ್ಮ ಕಡೆಯ ಹುಡುಗಿಯೊಬ್ಬಳು ಹೊಸ ಕೆಲಸಕ್ಕೆ ಸೇರಿ ವಾರವಾಗಿತ್ತು. ಕೈಪಿಡಿಯಲ್ಲಿದ್ದ ಕಮಾಂಡನ್ನು ಹಾಗೆಯೇ ನಕಲಿಸಿ ಓಡಿಸಿದರೆ ‘ಅಂಥ ಕಡತವಿಲ್ಲ’ ಎಂಬ ಉತ್ತರ ಬರುತ್ತಿತ್ತು. ಅವಳು ಯಾವ ಕಡತವನ್ನೂ ಕೇಳಿರಲಿಲ್ಲ, ಆಯ್ಕೆಯೊಂದನ್ನು, ಅಂದರೆ ಕಮಾಂಡು ಹೇಗೆ ನಡೆಯಬೇಕೆಂದು ಅಡ್ಡಗೆರೆ ಹಾಕಿ ಬರೆಯುವ ಸೂಚನೆಯನ್ನು ಮಾತ್ರ ಕೊಟ್ಟಿದ್ದಳು. ತಪ್ಪು ತನ್ನದೇ ಎಂದುಕೊಂಡು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ತಪ್ಪು ಅವಳದಾಗಿರಲಿಲ್ಲ. ರಾಫ್ ಭಾಷೆಯಲ್ಲಿ ಬರೀ ಅಡ್ಡಗೆರೆ ಎಂದರೆ ಎರಡು ಪದಗಳನ್ನು ಜೋಡಿಸುವ ಹೈಫನ್. ಕಮಾಂಡಿನ ಆಯ್ಕೆಗೆ ಬೇಕಾದ ಗೆರೆಗೆ ಮೊದಲು ಬ್ಯಾಕ್‌ಸ್ಲ್ಯಾಷ್ (\) ಇರಬೇಕು. ಅದಿಲ್ಲದಿದ್ದರೆ ತೆರೆಯ ಮೇಲೆ ಮೂಡುವುದು ಯುನಿಕೋಡಿನ ಬೇರೊಂದು ಅಕ್ಷರ. ಕಣ್ಣಿಗೆ ಎರಡೂ ಒಂದೇ. ಕಮಾಂಡಿಗೆ ಮಾತ್ರ ಅದು ಆಯ್ಕೆಯ ಗುರುತಲ್ಲ, ಹಾಗಾಗಿ ಆ ಇಡೀ ಆಯ್ಕೆಯನ್ನು ಅದು ಕಡತದ ಹೆಸರೆಂದು ತಿಳಿಯುತ್ತದೆ. ಪುಟದೊಳಗೆ ಆಯ್ಕೆಯನ್ನು ಹುಡುಕಿದರೂ ಸಿಗುವುದಿಲ್ಲ.

ಈ ಪುಟಗಳನ್ನು ಅಕ್ಷರರೂಪಕ್ಕೆ ತರುವ ತಂತ್ರಾಂಶ ಜಿ-ರಾಫ್. ಅದು ಬಹುಕಾಲ ಇಂಥ ತಪ್ಪುಗಳನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತಿತ್ತು. 2023ರ 1.23 ಆವೃತ್ತಿ ಅದನ್ನು ನಿಲ್ಲಿಸಿತು. ಲಿನಕ್ಸನ್ನು ಬಳಕೆಗೆ ಸಿದ್ಧಪಡಿಸಿ ಹಂಚುವ ಡೆಬಿಯನ್‌ನಂಥ ವಿತರಣೆಗಳು ಹಳೆಯ ನಡವಳಿಕೆಯನ್ನೇ ಮರಳಿ ತಂದುಕೊಂಡವು. ಬಳಕೆದಾರರ ತೊಂದರೆ ತಪ್ಪಿಸಲು ಅದು ಬೇಕಿತ್ತೇನೋ, ಆದರೆ ಗಾಯ ಮೂಲ ಕಡತದಲ್ಲಿ ಹಾಗೆಯೇ ಉಳಿಯಿತು. ನನ್ನ ಮಟ್ಟಿಗೆ ಮೂಲವನ್ನು ತಿದ್ದುವುದೇ ಸರಿಯಾದ ದಾರಿ.

ನನ್ನ ಸೋದರಮಾವ ಫೋರ್ಟ್‌ನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಹೈಫನ್ನಿಗೊಂದು ಖಾನೆ, ಉದ್ದ ಗೆರೆಗೊಂದು ಖಾನೆ. ಕತ್ತಲಲ್ಲಿಯೂ ಅವರ ಬೆರಳು ತಪ್ಪುತ್ತಿರಲಿಲ್ಲ. ರಾಫ್ ವಂಶದ ಟಿ-ರಾಫ್ ಹುಟ್ಟಿದ್ದೂ ಅಚ್ಚುಯಂತ್ರಕ್ಕಾಗಿಯೇ. ಗೆರೆಗೆರೆಗೂ ಭೇದ ಮಾಡುವ ಆ ಶಿಸ್ತು ಅಲ್ಲಿಂದಲೇ ಬಂದಿದೆ ಎಂದು ತಿಳಿದ ದಿನ ನನಗೆ ಮಾವನ ನೆನಪು ತುಂಬ ಬಂದಿತ್ತು.

ಚುಕ್ಕೆಯ ತಪ್ಪು ಇನ್ನೂ ಕೆಟ್ಟದ್ದು. ಸಾಲಿನ ಮೊದಲಿಗೆ ಚುಕ್ಕೆ ಬಂದರೆ ರಾಫ್ ಅದನ್ನು ಸೂಚನೆ ಎಂದು ಓದುತ್ತದೆ. ಅಡಗಿಸಿಟ್ಟ ಕಡತಗಳ ಹೆಸರು ಚುಕ್ಕೆಯಿಂದಲೇ ಶುರುವಾಗುತ್ತದಲ್ಲವೇ? ಯಾರೋ ಸಾಲುಗಳನ್ನು ಮರುಹೊಂದಿಸುವಾಗ ಅಂಥ ಹೆಸರು ಸಾಲಿನ ಮೊದಲಿಗೆ ಬಂದು ನಿಂತರೆ, ಆ ಹೆಸರಿನ ಮ್ಯಾಕ್ರೋ ಇಲ್ಲವಾದ್ದರಿಂದ ಇಡೀ ಸಾಲೇ ಪುಟದಿಂದ ಮಾಯ. ಎಚ್ಚರಿಕೆಗಳನ್ನು ನಾವೇ ಕೇಳಿ ಪಡೆಯದಿದ್ದರೆ ಅದರ ಸುಳಿವೂ ಸಿಗುವುದಿಲ್ಲ. ಒಂದು ಉಪಕರಣದ ಕೈಪಿಡಿಯಲ್ಲಿ ‘ಮೊದಲು ಇದರ ಪ್ರತಿ ಇಟ್ಟುಕೊಳ್ಳಿ’ ಎಂಬ ಸಾಲು ಹೀಗೆ ಮರೆಯಾಗಿದ್ದುದನ್ನು ನಾನು ಕಂಡಿದ್ದೇನೆ. ಅದನ್ನು ಮರಳಿ ತಂದ ದಿನದ ಸಂತೋಷ ಸಣ್ಣದಲ್ಲ.

ಉದ್ಧರಣ ಚಿಹ್ನೆಗಳು ಬಾಗಿ ಹೋಗುವುದು, ಬ್ಯಾಕ್‌ಸ್ಲ್ಯಾಷ್ ಪಕ್ಕದ ಅಕ್ಷರವನ್ನು ನುಂಗುವುದು, ದಪ್ಪಕ್ಷರ ಶುರುವಾಗಿ ನಿಲ್ಲದೇ ಹೋಗುವುದು, ಇವೆಲ್ಲ ಇದೇ ಜಾತಿಯವು.

ಇನ್ನು ಏನೂ ಬದಲಾಗದ ಪುಟಗಳ ಮಾತು. ಹೊಸ ವಾಕ್ಯವನ್ನು ಹೊಸ ಸಾಲಿನಲ್ಲಿ ಬರೆಯುವುದು, ಸಾಲಿನ ಕೊನೆಯ ಖಾಲಿ ಜಾಗ ತೆಗೆಯುವುದು ಇಂಥ ಕೆಲಸ ಮಾಡಿದಾಗ, ಹಳೆಯ ಮತ್ತು ಹೊಸ ಕಡತಗಳೆರಡನ್ನೂ ಪಠ್ಯವಾಗಿಸಿ ‘ಡಿಫ್’ ಕಮಾಂಡಿನಿಂದ ಹೋಲಿಸುತ್ತೇನೆ. ಅದು ಏನನ್ನೂ ತೋರಿಸಬಾರದು. ಆ ಮೌನವೇ ನನಗೆ ಬೇಕಾದದ್ದು. ಓದುಗರಿಗೆ ವ್ಯತ್ಯಾಸವಿಲ್ಲ ನಿಜ, ಆದರೆ ಮುಂದೆ ಒಂದು ವಾಕ್ಯ ತಿದ್ದುವವರಿಗೆ ಇಡೀ ಪ್ಯಾರಾ ಬದಲಾದಂತೆ ಕಾಣುವುದಿಲ್ಲ. ಅನುವಾದ ಮಾಡುವವರಿಗೂ ಯಾವ ವಾಕ್ಯ ಹೊಸದು ಎಂದು ತಕ್ಷಣ ತಿಳಿಯುತ್ತದೆ.

ಕೈಜೋಡಿಸಬೇಕೆನ್ನುವವರಿಗೆ ಹೇಳುವುದಿಷ್ಟೇ: ಒಂದು ತೇಪೆಯಲ್ಲಿ, ಅಂದರೆ ಕಡತಕ್ಕೆ ಮಾಡಿದ ಬದಲಾವಣೆಗಳನ್ನು ಒಟ್ಟಾಗಿ ಕಳುಹಿಸುವ ‘ಪ್ಯಾಚ್’ನಲ್ಲಿ, ಒಂದೇ ಬಗೆಯ ತಿದ್ದುಪಡಿ ಇರಲಿ. ಗೆರೆಗಳನ್ನು ಸರಿಪಡಿಸುವ ತೇಪೆಯೊಳಗೆ ಕಾಗುಣಿತ ಸೇರಿಸಿದರೆ ಪರಿಶೀಲಿಸುವವರ ಕಣ್ಣು ಸೋಲುತ್ತದೆ. ಠಾಣೆಯ ಆ ಹುಡುಗಿ ಮೊದಲ ತೇಪೆ ಕಳುಹಿಸಿದ್ದು ಅವಳನ್ನು ಕಾಡಿದ್ದ ಅದೇ ಪುಟಕ್ಕೆ. ಬದಲಾದದ್ದು ಹನ್ನೊಂದು ಗೆರೆಗಳು ಮಾತ್ರ.